ಅಂಗಿಗೊಂದು ನಂಬರ್: ಸಣ್ಣ ಗಾರ್ಮೆಂಟ್ಸ್‌ನಲ್ಲಿ ಆರ್‌ಎಫ್‌ಐಡಿ ಶುರು ಮಾಡುವುದು ಹೇಗೆ?

ಟೋಲ್‌ನಲ್ಲಿ ಗಾಡಿ ಹತ್ತಿರ ಬಂದ ಕೂಡಲೇ ಫಾಸ್ಟ್ಯಾಗ್‌ನಿಂದ ದುಡ್ಡು ಹೋಗುತ್ತದಲ್ಲ, ಅಂಗಿಗೆ ಹಾಕುವ ಆರ್‌ಎಫ್‌ಐಡಿ (ರೇಡಿಯೋ ಅಲೆಯಿಂದ ಗುರುತು ಹಿಡಿಯುವ) ಟ್ಯಾಗ್ ಕೂಡ ಅದೇ ಜಾತಿಯದು. ಬ್ಯಾಟರಿ ಇಲ್ಲ. ರೀಡರ್, ಅಂದರೆ ಟ್ಯಾಗ್ ಓದುವ ಯಂತ್ರ, ಬಿಡುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ, ಅಷ್ಟೇ. ಮುಚ್ಚಿದ ರಟ್ಟಿನ ಬಾಕ್ಸ್ ಬಿಚ್ಚದೆಯೇ ಒಳಗಿನ ಅಂಗಿಗಳೆಲ್ಲ ಲೆಕ್ಕಕ್ಕೆ ಸಿಗುತ್ತವೆ.

ಮೊದಲ ಕೆಲಸ ಟ್ಯಾಗ್ ಖರೀದಿ ಅಲ್ಲ. ಅಂಗಿಯನ್ನು ಎಲ್ಲೆಲ್ಲಿ ಓದಬೇಕು ಅಂತ ಒಂದು ಹಾಳೆಯಲ್ಲಿ ಬರೆಯಿರಿ: ಪ್ಯಾಕಿಂಗ್, ಗೋಡೌನ್ ಬಾಗಿಲು, ಅಂಗಡಿ, ಬಿಲ್ಲಿಂಗ್, ವಾಪಸ್ ಬಂದ ಮಾಲು. ಈ ಕೊನೆಯದನ್ನೇ ಜಾಸ್ತಿ ಜನ ಮರೆಯುತ್ತಾರೆ, ಆಮೇಲೆ ಸ್ಟಾಕ್ ತಾಳೆಯಾಗುವುದಿಲ್ಲ.

ಆಮೇಲೆ ರೀಡರ್. ಕೆಲವು ಮೀಟರ್ ದೂರದಿಂದ ಓದಬೇಕಾದರೆ ಯುಎಚ್‌ಎಫ್ (ಅತಿ ಹೆಚ್ಚು ಕಂಪನದ ರೇಡಿಯೋ ಅಲೆ) ಬಳಸುವ ರೀಡರ್ ಬೇಕು. ನಮ್ಮಲ್ಲಿ ಇದಕ್ಕೆ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಬ್ಯಾಂಡ್ 865–868 ಮೆಗಾಹರ್ಟ್ಸ್. ಅಮೆರಿಕದ ರೀಡರ್‌ಗಳು 902–928ರಲ್ಲಿ ಕೆಲಸ ಮಾಡುತ್ತವೆ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ತರಿಸಬೇಡಿ.

ಈಗ ನಂಬರ್. ಬಾರ್‌ಕೋಡ್‌ನಲ್ಲಿ ಒಂದು ಡಿಸೈನ್, ಒಂದು ಸೈಜಿನ ಎಲ್ಲ ಅಂಗಿಗೂ ಒಂದೇ ನಂಬರ್. ಇಲ್ಲಿ ಒಂದೊಂದಕ್ಕೂ ಬೇರೆ. ಸಾಮಾನ್ಯ ಟ್ಯಾಗ್‌ನಲ್ಲಿ ಇದಕ್ಕೆ 96 ಬಿಟ್ ಜಾಗ ಇರುತ್ತದೆ, ಕಂಪನಿ, ಡಿಸೈನ್, ಸೀರಿಯಲ್ ಇಷ್ಟಕ್ಕೆ ಸಾಕು. ಯಾವ ಥಾನಿನ ಬಟ್ಟೆ, ಯಾವ ಲೈನಿನಲ್ಲಿ ಹೊಲಿದದ್ದು, ಎಂದು ಹೊರಟಿತು ಎನ್ನುವುದೆಲ್ಲ ನಿಮ್ಮ ಕಂಪ್ಯೂಟರ್‌ನಲ್ಲಿರಬೇಕು. ಅಲ್ಲಿ ಎಂಟ್ರಿ ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಟ್ಯಾಗ್ ಹಾಕಿಯೂ ಪ್ರಯೋಜನವಿಲ್ಲ. ಹೊರಗಿನ ಅಂಗಡಿಗಳಿಗೆ ಮಾರುವವರು ಬಾರ್‌ಕೋಡ್ ನಂಬರ್ ಕೊಡುವ ಸಂಸ್ಥೆಯಾದ ಜಿಎಸ್1 ಇಂಡಿಯಾದಿಂದ ಪಡೆದ ನಂಬರನ್ನೇ ಬಳಸಿ. ಬರೆದ ಮೇಲೆ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿ, ಇಲ್ಲದಿದ್ದರೆ ರೀಡರ್ ಇರುವ ಯಾರಾದರೂ ಅಳಿಸಿ ಬೇರೆ ನಂಬರ್ ಬರೆಯಬಹುದು.

ಅಂಟಿಸುವಾಗ ಎರಡು ಶತ್ರುಗಳು: ಲೋಹ, ನೀರು. ಜಿಪ್ ಮೇಲೆ ಬೇಡ. ಒದ್ದೆ ಬಟ್ಟೆಯ ರಾಶಿಯಲ್ಲೂ ಸರಿಯಾಗಿ ಓದುವುದಿಲ್ಲ. ಮೊದಲು ಒಂದೇ ಡಿಸೈನಿಗೆ ಹಾಕಿ, ಬಾಕ್ಸ್ ತುಂಬಿ, ಕೈಯಲ್ಲಿ ಎಣಿಸಿದ್ದಕ್ಕೂ ರೀಡರ್ ಹೇಳಿದ್ದಕ್ಕೂ ಹೋಲಿಸಿ ನೋಡಿ.

ಮಾರಿದ ಮೇಲೂ ಅಂಗಿಯ ಜಾಡು ಬೇಕಾ? ಹೋಟೆಲ್, ಆಸ್ಪತ್ರೆಯ ಯೂನಿಫಾರ್ಮ್ ಆದರೆ ಬೇಕು, ಅದಕ್ಕೆ ಒಗೆತ ತಡೆಯುವ ಲಾಂಡ್ರಿ ಟ್ಯಾಗ್ ಹೊಲಿಯಿರಿ. ಮಾಮೂಲಿ ಗಿರಾಕಿಗೆ ಬೇಡ, ಅವರ ಓಡಾಟ ನಮಗ್ಯಾಕೆ ಅಲ್ವಾ? ಅವರಿಗೆ ಕತ್ತರಿಸಿ ಎಸೆಯುವ ಕಾಗದದ ಟ್ಯಾಗ್ ಸಾಕು. ಟ್ಯಾಗನ್ನು ಶಾಶ್ವತವಾಗಿ ಬಂದ್ ಮಾಡುವ ‘ಕಿಲ್’ ಕಮಾಂಡ್ ಕೂಡ ಇದೆ. ಆದರೆ ಅದರ ಪಾಸ್‌ವರ್ಡ್ ಸೊನ್ನೆಯಲ್ಲೇ ಇದ್ದರೆ ಅದು ನಡೆಯುವುದಿಲ್ಲ, ಮೊದಲೇ ಬದಲಿಸಿಡಿ. ಎಕ್ಸ್‌ಚೇಂಜ್ ಕೊಡುವ ಅಂಗಡಿಯಾದರೆ ಬಿಲ್ಲಿಂಗ್‌ನಲ್ಲಿ ಕಿಲ್ ಮಾಡಬೇಡಿ, ಹಾಗೆ ಸತ್ತ ಟ್ಯಾಗ್ ಮತ್ತೆ ಏಳುವುದಿಲ್ಲ.