ಒಂದೇ ಹಿತ್ತಲಲ್ಲಿ ಕೋಳಿಗೂ ಬದನೆಗೂ ಸರದಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿಂದೆ ಮೂರು ಗುಂಟೆ ಹಿತ್ತಲಿದೆ. ಮೊದಲ ವರ್ಷ ಅಲ್ಲಿ ಹರಿವೆ ಬಿತ್ತಿದ್ದೆ. ನಾಲ್ಕನೆಯ ದಿನ ಕೋಳಿಗಳನ್ನು ಹೊರಗೆ ಬಿಟ್ಟು ಕೊಟ್ಟಿಗೆಗೆ ಹೋದೆ. ಹಾಲು ಕರೆದು ಬರುವಷ್ಟರಲ್ಲಿ ಐದು ಹೇಂಟೆಗಳು ಮಡಿಯನ್ನೆಲ್ಲ ಕೆದರಿ, ಅದೇ ಪುಡಿಮಣ್ಣಿನಲ್ಲಿ ಹೊರಳಾಡುತ್ತಿದ್ದವು. "ಕೋಳಿ ಬೇಕೋ, ತರಕಾರಿ ಬೇಕೋ, ಒಂದನ್ನು ತೀರ್ಮಾನ ಮಾಡು" ಎಂದರು ಅತ್ತೆ. ನನಗೆ ಎರಡೂ ಬೇಕಿತ್ತು.

ಹಿತ್ತಲನ್ನು ನಡುವೆ ಹಳೆಯ ಮೀನುಬಲೆ ಕಟ್ಟಿ ಎರಡು ಪಾಲು ಮಾಡಿದೆ. ಮನೆಯ ಕಡೆಯ ಪಾಲಿನಲ್ಲಿ ಮಳೆಗಾಲದ ತರಕಾರಿ, ಆಚೆಯ ಪಾಲಿನಲ್ಲಿ ಕೋಳಿಗಳು. ಮೇ ಕೊನೆಯ ವಾರ ರೋಹಿಣಿ ಮಳೆ ಬಿದ್ದ ಕೂಡಲೇ ಬೆಂಡೆ, ಹೀರೆ, ಹಾಗಲ, ಮೊಗೆಕಾಯಿ ಬೀಜ ಹಾಕುತ್ತೇನೆ. ನಮ್ಮಲ್ಲಿ ಜುಲೈ ಮಳೆಗೆ ಚಪ್ಪಟೆ ಮಡಿ ಕೊಚ್ಚಿಹೋಗುತ್ತದೆ, ಆದ್ದರಿಂದ ಮೊಣಕಾಲೆತ್ತರದ ಏರುಮಡಿ ಮಾಡಿ ತರಗೆಲೆ ಹೊದಿಸಲೇಬೇಕು. ನವರಾತ್ರಿಯ ಹೊತ್ತಿಗೆ ಬಳ್ಳಿಗಳು ಒಣಗುತ್ತವೆ. ಆಗ ಬಲೆಯ ಬಾಗಿಲು ತೆಗೆದು ಕೋಳಿಗಳನ್ನು ಅಲ್ಲಿಗೆ ಬಿಡುತ್ತೇನೆ. ಆಚೆಯ ಪಾಲು ಖಾಲಿಯಾಗುತ್ತದೆ. ಅಲ್ಲಿ ದೀಪಾವಳಿಗೆ ಬದನೆ, ಟೊಮೇಟೊ, ಅವರೆ. ಮಾರ್ಚ್‌ನಲ್ಲಿ ಕೋಳಿಗಳು ಮತ್ತೆ ಆಚೆಗೆ.

ಈ ಅದಲುಬದಲಿನ ಬೆಲೆ ನನಗೆ ತಿಳಿದದ್ದು ಹೀರೆಕಾಯಿಯಿಂದ. ಹಣ್ಣುನೊಣ ಎಳೆಕಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಒಳಗೆ ಬೆಳೆದ ಹುಳು ಮಣ್ಣಿಗೆ ಬಿದ್ದು ಕೆಲವೇ ಅಂಗುಲದ ಆಳದಲ್ಲಿ ಕೋಶವಾಗುತ್ತದೆ. ಕೋಳಿಯ ಕಾಲು ಕೆದರುವುದೂ ಅಷ್ಟೇ ಆಳ. ಕೊಳೆತು ಉದುರಿದ ಕಾಯಿಗಳನ್ನು ದಿನವೂ ಆರಿಸಿ ಕೋಳಿಗೆ ಹಾಕಿದೆ, ಬೆಳೆ ಮುಗಿದ ಮೇಲೆ ಮಣ್ಣನ್ನೂ ಅವುಗಳಿಗೇ ಒಪ್ಪಿಸಿದೆ. ಮರುವರ್ಷ ಹುಳುಬಿದ್ದ ಕಾಯಿ ಎದ್ದು ಕಾಣುವಷ್ಟು ಕಡಿಮೆಯಾಗಿತ್ತು. ಔಷಧಿ ಹೊಡೆಯದೆ ಹೀರೆ ಕೊಯ್ದ ಆ ಸಂತೋಷವನ್ನು ನಾನು ಮರೆತಿಲ್ಲ.

ಗೊಬ್ಬರದಲ್ಲಿ ಮಾತ್ರ ಅವಸರ ಮಾಡಬಾರದು. ಕೋಳಿಗೊಬ್ಬರ ಬಹಳ ಕಾವು. ಹಸಿಯಾಗಿಯೇ ಬುಡಕ್ಕೆ ಹಾಕಿ ಇಪ್ಪತ್ತು ಬದನೆ ಸಸಿಗಳನ್ನು ಸುಟ್ಟುಕೊಂಡಿದ್ದೇನೆ, ಎಲೆಯಂಚು ಕಂದಿ ನಾಲ್ಕೇ ದಿನದಲ್ಲಿ ಒಣಗಿದವು. ಈಗ ಕೋಳಿ ಒಡ್ಡಿಯ ನೆಲಕ್ಕೆ ಭತ್ತದ ಹೊಟ್ಟು ಹಾಸಿ, ಹಿಕ್ಕೆಯೊಂದಿಗೆ ಬೆರೆತ ಅದನ್ನು ಸಗಣಿ, ಸೊಪ್ಪಿನ ಜೊತೆ ಗುಂಡಿಯಲ್ಲಿ ನಾಲ್ಕು ತಿಂಗಳು ಕೊಳೆಸುತ್ತೇನೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಯನ್ನು ಕೋಳಿ ಆಗತಾನೇ ಬಿಟ್ಟ ಜಾಗದಲ್ಲಿ ಹಾಕುವುದೇ ಇಲ್ಲ. ಅವುಗಳಿಗೆ ಅಂಗಳದ ಪಕ್ಕ ಬೇರೆ ಮಡಿಯಿದೆ.

ನನ್ನ ದೊಡ್ಡ ನಷ್ಟ ಮೂರನೆಯ ಬೇಸಿಗೆಯದು. ಸಂತೆಯಲ್ಲಿ ಕೊಂಡ ಒಂದು ಹೇಂಟೆಯನ್ನು ತಂದ ದಿನವೇ ಉಳಿದವುಗಳೊಡನೆ ಬಿಟ್ಟೆ. ವಾರದೊಳಗೆ ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ತಿರುಚಿದ ಕತ್ತು. ಕೊಕ್ಕರೆ ರೋಗ. ಬೆಳ್ಳುಳ್ಳಿ, ಅರಿಸಿನ, ಬೇವು ಎಂದು ಯಾರು ಏನು ಹೇಳಿದರೂ ಅರೆದು ಕುಡಿಸಿದೆ. ಹದಿನೇಳರಲ್ಲಿ ಮೂರು ಉಳಿದವು. ಇದು ವೈರಸ್‌ನಿಂದ ಬರುವ ರೋಗ, ಬಂದ ಮೇಲೆ ಮದ್ದಿಲ್ಲ. ಸಾವಯವ ಎಂದು ಲಸಿಕೆಯನ್ನು ದೂರವಿಡುವವರ ಮಾತನ್ನು ನಾನು ಒಪ್ಪುವುದಿಲ್ಲ. ಮರಿಗೆ ಏಳನೆಯ ದಿನ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೆ, ನಾಲ್ಕನೆಯ ವಾರ ಇನ್ನೊಮ್ಮೆ, ಎಂಟನೆಯ ವಾರ ರೆಕ್ಕೆಯ ಬುಡದ ಚರ್ಮದಡಿ ಅದೇ ರೋಗದ ಇನ್ನೊಂದು ಲಸಿಕೆ ಆರ್‌ಟುಬಿಯ ಚುಚ್ಚುಮದ್ದು. ಸೀಸೆಯಲ್ಲಿ ಕಡಿಮೆಯೆಂದರೂ ನೂರು ಕೋಳಿಗಾಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆದ್ದರಿಂದ ಕೇರಿಯ ಆರು ಮನೆಯವರು ಒಟ್ಟಾಗಿ ತರಿಸುತ್ತೇವೆ, ಐಸ್ ತುಂಬಿದ ಫ್ಲಾಸ್ಕಿನಲ್ಲಿ. ಹೊಸ ಕೋಳಿ ಬಂದರೆ ಮೂರು ವಾರ ಬೇರೆ ಬುಟ್ಟಿ, ಬೇರೆ ನೀರು.

ಮರಿ ಮಾಡಿಸುವುದು ದೀಪಾವಳಿಯ ನಂತರವೇ. ಮಳೆಗಾಲದ ಥಂಡಿಗೆ ಹೂಮರಿಗಳು ತಾಳುವುದಿಲ್ಲ. ಗಿರಿರಾಜ ಕೋಳಿ ಮೊಟ್ಟೆ ಚೆನ್ನಾಗಿ ಇಡುತ್ತದೆ, ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯನ್ನೂ ನಾಟಿ ಹೇಂಟೆಯ ಕೆಳಗೇ ಇಡುತ್ತೇನೆ. ಬುಟ್ಟಿಯ ತಳಕ್ಕೆ ಹೇನು ಬಾರದಂತೆ ಬೂದಿ, ಮೇಲೆ ಒಣಹುಲ್ಲು, ಹನ್ನೊಂದು ಮೊಟ್ಟೆ. ಏಳನೆಯ ರಾತ್ರಿ ಟಾರ್ಚ್ ಹಿಡಿದರೆ ಬೆಳೆಯುತ್ತಿರುವ ಮೊಟ್ಟೆಯಲ್ಲಿ ಜೇಡರಬಲೆಯಂತೆ ಕೆಂಪು ನರಗಳು ಕಾಣುತ್ತವೆ. ಮೊದಲ ಬಾರಿ ನೋಡಿದಾಗ ಮಗಳನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದ್ದೆ.

ಇಪ್ಪತ್ತೊಂದನೆಯ ದಿನ ಮರಿಗಳು ಹೊರಬರುತ್ತವೆ. ಅದಕ್ಕೆ ಮೊದಲೇ ಅತ್ತೆ ಒಂದು ಹಳೆಯ ಮಡಕೆಗೆ ಸಗಣಿ, ಒದ್ದೆ ಹುಲ್ಲು ತುಂಬಿ ಗೆದ್ದಲು ಓಡಾಡುವ ಕಡೆ ಬೋರಲು ಹಾಕಿಟ್ಟಿರುತ್ತಾರೆ. ಎರಡು ದಿನ ಬಿಟ್ಟು ಎತ್ತಿದರೆ ಒಳಗೆಲ್ಲ ಗೆದ್ದಲು. ಅದನ್ನು ಕೊಡವಿದರೆ ಮರಿಗಳು ಮುಗಿಬೀಳುತ್ತವೆ. ಈಗ ಮಡಕೆ ಇಡುವ ದಿನವನ್ನು ಲೆಕ್ಕ ಹಾಕಿ ನನಗೆ ನೆನಪಿಸುವವರೂ ಅತ್ತೆಯೇ.