ಖಡು ಅವರ ಕೈಗೆ ಕೊಟ್ಟ ಮೇಲೆ

ಬಾಗಲಕೋಟೆಯ ನವನಗರದಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಇಲ್ಲಿಯ ಹುಡುಗರಿಗೆ ಮನೆ ಎಲ್ಲಿ ಅಂತ ಕೇಳಿದರೆ ಸೆಕ್ಟರ್ ನಂಬರ್ ಹೇಳುತ್ತಾರೆ. ಅವರ ಅಜ್ಜಿ ಹೇಳುವುದು ಹಳೇ ಊರಿನ ಓಣಿಯ ಹೆಸರು. ಹಳೇ ಊರು ಒಂದಷ್ಟು ಉಳಿದಿದೆ, ಒಂದಷ್ಟು ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ಹೋದ ಓಣಿಗಳ ನಕ್ಷೆಯನ್ನು ಅಲ್ಲಿದ್ದವರ ಕೈಯಿಂದಲೇ ಬರೆಸೋಣ ಅಂತ ಕಳೆದ ಬೇಸಿಗೆಯಲ್ಲಿ ಹೊರಟೆ.

ಮೊದಲ ದಿನವೇ ಕೆಟ್ಟಿತು. ದೊಡ್ಡ ನಕ್ಷೆಯೊಂದನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಹರಡಿದ ಕೂಡಲೇ ಹಿರಿಯರೊಬ್ಬರು ಕನ್ನಡಕ ಏರಿಸಿ, "ಮತ್ತ ಸರ್ವೇ ಬಂತೇನ್ರಿ?" ಅಂದರು. ತಪ್ಪು ಅವರದಲ್ಲ. ಆಲಮಟ್ಟಿಯಲ್ಲಿ ನೀರು ಈಗ 519.6 ಮೀಟರ್‌ವರೆಗೆ ನಿಲ್ಲುತ್ತದೆ. ಅದನ್ನು 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದೇ ಇದೆ. ಇಲ್ಲಿ ನಕ್ಷೆ ಹಿಡಿದು ಬಂದವನು ಅಂದರೆ ಮನೆ ಅಳೆಯಲು ಬಂದವನು. ಆ ಸಂಜೆಯೆಲ್ಲ ಪರಿಹಾರದ ಮಾತೇ ಆಯಿತು. ಒಬ್ಬರೂ ಒಂದು ಗೆರೆ ಎಳೆಯಲಿಲ್ಲ.

ಮುಂದಿನ ವಾರ ಖಡು (ಸೀಮೆಸುಣ್ಣ), ಇದ್ದಿಲು, ಒಂದು ಬುಟ್ಟಿ ಹುಣಸೆ ಬೀಜ ಅಷ್ಟೇ ತಗೊಂಡು ಹೋದೆ. ಬರೆಯಲು ಫರಸಿ ನೆಲ. ಜನರೇ ನೆಲದ ಮೇಲೆ ತಮ್ಮ ಊರು ಬರೆಯುವ ಪದ್ಧತಿ ಹೊಸದೇನಲ್ಲ. 1990ರ ಆಸುಪಾಸಿನಲ್ಲಿ ಗ್ರಾಮಾಭಿವೃದ್ಧಿಯ ಬ್ರಿಟಿಷ್ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಅವರಂಥವರು ನಮ್ಮ ದೇಶದ ಹಳ್ಳಿಗಳಲ್ಲೂ ಇದನ್ನು ಬೆಳೆಸಿದರು. ನೆಲದ ಮೇಲೆ ಬರೆಯುವ ಕೋಲು ಜನರ ಕೈಗೆ ಕೊಡಬೇಕು ಅನ್ನುವುದು ಅವರ ಮಾತು. ಕೇಳಲು ಸುಲಭ. ಚಿತ್ರದ ಮಾಸ್ತರನಿಗೆ ಅದೆಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಎರಡು ಸಲ ಗೆರೆ ನೇರ ಮಾಡಲು ಬಗ್ಗಿದೆ. ಎರಡೂ ಸಲ ಬರೆಯುತ್ತಿದ್ದವರು ಕೈ ಹಿಂದೆ ತೆಗೆದರು. ಆಮೇಲೆ ಗೋಡೆಗೆ ಒರಗಿ ಸುಮ್ನೆ ಕೂತೆ.

ನಾನು ಕೇಳಿದ್ದು ಒಂದೇ: ಹೊಳೆ ಯಾವ ಕಡೆ? ಘಟಪ್ರಭೆಯ ಗೆರೆ ಬಿದ್ದ ಮೇಲೆ ಉಳಿದದ್ದು ತಾನೇ ಬಂತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂತಿದ್ದರು. ಹಾಗಾಗಿ ಒಂದೇ ಓಣಿ ಎರಡು ಸಲ ಹುಟ್ಟಿತು. ಗಂಡಸರ ಓಣಿ ಬಲು ಅಗಲ. ಹೋಳಿಯ ಬಣ್ಣದ ಬಂಡಿ ತಿರುಗುವ ಮೂಲೆ, ಹಲಗಿ ಬಾರಿಸುವವರು ನಿಲ್ಲುವ ಜಾಗ, ಹರಟೆ ಕಟ್ಟೆ. ಬಂಡಿ ಹೋಗಬೇಕಲ್ವಾ, ಅಗಲ ಇರಲೇಬೇಕು! ಹೆಂಗಸರ ಓಣಿ ಸಣ್ಣ ಗೆರೆ, ಎರಡೂ ಕಡೆ ಬರೀ ಬಾಗಿಲು. ಹೊಳೆಯ ಮೆಟ್ಟಿಲು ಮಾತ್ರ ನಾಲ್ಕು ಮನೆಯಷ್ಟು ದೊಡ್ಡದು.

ಒಬ್ಬ ಅಜ್ಜಿ ತಮ್ಮ ಮನೆಯಿಂದ ಹೊಳೆಯ ಕಡೆಗೆ ಒಂದೊಂದೇ ಹುಣಸೆ ಬೀಜ ಇಡುತ್ತಾ ಹೋದರು. ಐದು ಬೀಜ. ಗಿಡ ಇರಬೇಕು ಅಂದುಕೊಂಡು ಕೇಳಿದೆ.

"ಗಿಡ ಅಲ್ರಿ ಸರ. ಇಲ್ಲಿಗೆ ಬಂದ್ರ ಸೆರಗು ತಲಿ ಮ್ಯಾಲ ಬರ್ತಿತ್ತು."

ಪಕ್ಕದವರಿಬ್ಬರು ನಗುತ್ತಾ ತಮ್ಮವೂ ಮೂರು ಬೀಜ ಸೇರಿಸಿದರು. ಎದುರಿನ ಗಂಡಸರು ಬಗ್ಗಿ ನೋಡಿದರು. ಎರಡು ಬೀಜ ಸರಿಯಾಗಿ ಅವರ ಹರಟೆ ಕಟ್ಟೆ ಇದ್ದ ಜಾಗದಲ್ಲೇ ಇದ್ದವು. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಎಲೆ ಅಡಿಕೆ ಚೀಲ ಬಿಚ್ಚಿದರು.

"ಮೆಟ್ಟಿಲ ಮ್ಯಾಲ ಯಾಕ ಬೀಜ ಇಲ್ಲಬೇ?" ಅಂತ ಕೇಳಿದೆ.

"ಅಲ್ಲಿ ನಾವ ನಾವ ಇರ್ತಿದ್ವಿ."

ಇಂಥ ಕೆಲಸ ಮಾಡುವವರಿಗೆ ಒಂದು ಮಾತು. ಯಾವ ಕಾಳು ಯಾವುದರ ಗುರುತು ಅಂತ ಮೊದಲೇ ಗೊತ್ತು ಮಾಡಬೇಡಿ. ಬೀಜ ಅಂದರೆ ಗಿಡ ಅಂತ ನಾನು ಮೊದಲೇ ಹೇಳಿದ್ದರೆ ಅಜ್ಜಿಯ ಸೆರಗಿಗೆ ಗುರುತೇ ಇರುತ್ತಿರಲಿಲ್ಲ. ಎರಡು ಓಣಿಗಳನ್ನು ಸೇರಿಸಿ ಒಂದು ಸರಿಯಾದ ನಕ್ಷೆ ಮಾಡಿ ಅಂತಲೂ ಕೆಲವರು ಹೇಳಿದರು. ನಾನು ಮಾಡಲಿಲ್ಲ. ಸರಿಯಾದದ್ದು ಬೇಕಾದರೆ ನನ್ನ ಪ್ರಿಂಟ್ ಇತ್ತಲ್ಲ!

ಇನ್ನೊಂದು, ಫೋಟೋ ಆಗಾಗ ತೆಗೆಯುತ್ತಿರಿ. ನಾನು ಕೊನೆಗೆ ತೆಗೆದರಾಯಿತು ಅಂತ ಚಹಾ ಕುಡಿಯಲು ಹೋದೆ. ಬರುವಷ್ಟರಲ್ಲಿ ಯಾರೋ ಅರ್ಧ ನೆಲ ಗುಡಿಸಿಬಿಟ್ಟಿದ್ದರು. ಅಳಿಸಿದ್ದನ್ನು ಬರೆದಿದ್ದವರೇ ಮಾಂಜರಪಾಟ ಬಟ್ಟೆಯ ಮೇಲೆ ಇದ್ದಿಲಿನಿಂದ ಮತ್ತೆ ಬರೆದರು, ಬೀಜಗಳನ್ನು ದಾರದಿಂದ ಹೊಲಿದರು. ಆ ಬಟ್ಟೆ ಈಗ ಅಜ್ಜಿಯ ಟ್ರಂಕಿನಲ್ಲಿದೆ. ನನ್ನ ಹತ್ತಿರ ಇರುವುದು ಅದರ ಒಂದು ಫೋಟೋ, ಅದೂ ಹೊಳೆಯ ಕಡೆ ಸ್ವಲ್ಪ ಮಸುಕು.