ಹಳೇ ಹಾರ್ನ್‌ಬಿ ಕೀ ಟ್ರೇನ್ ರಿಪೇರಿ: ದುಡ್ಡು ಹೋಗೋದು ಚಕ್ರಕ್ಕೆ, ಬಣ್ಣಕ್ಕಲ್ಲ

ಹಳೇ ಆಟದ ರೈಲು ರೆಸ್ಟೋರ್ ಮಾಡ್ತೀನಿ ಅಂದ್ರೆ ಎಲ್ರೂ ಮೊದ್ಲು ಕೇಳೋದು ಪೇಂಟ್ ಯಾವ್ದು ಹಾಕ್ತೀರ ಅಂತ. ನನ್ ಕೆಲಸ ಹೆಚ್ಚಾಗಿ ಹಾರ್ನ್‌ಬಿ ಅನ್ನೋ ಇಂಗ್ಲೆಂಡ್ ಕಂಪನಿಯ ಓ ಗೇಜ್ ಆಟದ ರೈಲುಗಳ ಮೇಲೆ, ಅಂದ್ರೆ ಎರಡು ಹಳಿ ಮಧ್ಯೆ 32 ಮಿ.ಮೀ. ಅಂತರ ಇರೋದು, ಕೀ ಕೊಟ್ರೆ ಓಡೋದು, 1930ರ ದಶಕದ ಲಿವರ್‌ಪೂಲ್ ಮಾಲು. ತಗಡಿನ ಬಾಡಿ ಇವತ್ತಿಗೂ ಗಟ್ಟಿ, ತಾಪತ್ರಯ ಎಲ್ಲಾ ಚಕ್ರದ್ದು.

ಚಕ್ರ ಸತುವಿನ ಅಲಾಯ್‌ನಲ್ಲಿ ಎರಕ ಹೊಯ್ದಿರೋದು. ಅದ್ರಲ್ಲಿ ಒಂಚೂರು ಸೀಸ ಬೆರೆತಿದ್ರೂ ಸಾಕು, ವರ್ಷಾನುಗಟ್ಲೆ ತೇವ ಕುಡಿದು ಲೋಹ ಒಳಗೊಳಗೇ ಉಬ್ಬತ್ತೆ, ಮೇಲೆ ಕೂದಲೆಳೆಯಷ್ಟು ಬಿರುಕು ಕಾಣತ್ತೆ, ಆಮೇಲೆ ಬೆರಳಲ್ಲಿ ಒತ್ತಿದ್ರೆ ಹಪ್ಪಳದ ಥರ ಪುಡಿ. ಇದಕ್ಕೆ ಮದ್ದಿಲ್ಲ, ಎಪಾಕ್ಸಿ ಹಾಕಿ ಅಂಟಿಸಿದ್ರೂ ಉಬ್ಬೋದು ನಿಲ್ಲಲ್ಲ, ಹೊಸ ಚಕ್ರನೇ ಹಾಕ್ಬೇಕು. ಇಂಗ್ಲೆಂಡ್‌ನಲ್ಲಿ ಈಗ್ಲೂ ಮಾಡಿ ಮಾರೋರಿದಾರೆ, ನಾನು ಅಲ್ಲಿಂದ್ಲೇ ತರ್ಸೋದು, ಆದ್ರೆ ಪಾರ್ಸೆಲ್ಲು ಕಸ್ಟಮ್ಸು ಸೇರಿದ್ರೆ ಚಕ್ರದ ರೇಟನ್ನೇ ಮೀರತ್ತೆ, ಅದಕ್ಕೆ ಎರಡ್ಮೂರು ಇಂಜಿನ್‌ಗೆ ಬೇಕಾದ್ದು ಒಟ್ಟಿಗೇ ಆರ್ಡರ್ ಹಾಕ್ತೀನಿ. ಆರ್ಡರ್ ಹಾಕೋವಾಗ ಹಳೇ ಚಕ್ರದ ಅಳತೆ ಕೊಡ್ಬೇಡಿ, ಅದು ಉಬ್ಬಿರತ್ತೆ. ಕ್ಯಾಲಿಪರ್ ಹಿಡಿದು ಆಕ್ಸಲ್ ಅಳೀರಿ.

ಸ್ಪ್ರಿಂಗ್ ವಿಷ್ಯ ಅಷ್ಟು ದುಬಾರಿ ಅಲ್ಲ. ಓಡಲ್ಲ ಅಂತ ಬರೋ ಇಂಜಿನ್‌ಗಳಲ್ಲಿ ಎಷ್ಟೋ ಸಲ ಸ್ಪ್ರಿಂಗ್ ಚೆನ್ನಾಗೇ ಇರತ್ತೆ, ಹಳೇ ಗ್ರೀಸ್ ಗಟ್ಟಿಯಾಗಿ ಗೇರ್ ಹಿಡ್ಕೊಂಡಿರತ್ತೆ ಅಷ್ಟೆ. ಸೀಮೆಎಣ್ಣೆಲಿ ತೊಳೆದು, ಒಣಗಿಸಿ, ಗೇರ್ ಕಡ್ಡಿ ತುದಿಗಳಿಗೆ ಹೊಲಿಗೆ ಮಿಷಿನ್ ಎಣ್ಣೆ ಒಂದೊಂದು ತೊಟ್ಟು ಬಿಟ್ರೆ ಸರ್ ಅಂತ ಓಡತ್ತೆ, ಆ ಸದ್ದು ಕೇಳೋ ಖುಷಿನೇ ಬೇರೆ. ಬಿಚ್ಚೋಕೆ ಮುಂಚೆ ಮಾತ್ರ ಸ್ಪ್ರಿಂಗ್‌ಗೆ ಕೊಟ್ಟಿರೋ ಕೀ ಪೂರ್ತಿ ಇಳಿಸ್ಲೇಬೇಕು, ಇಲ್ಲಾಂದ್ರೆ ಸ್ಪ್ರಿಂಗ್ ಚಿಮ್ಮಿ ಕೈ ಸೀಳತ್ತೆ.

ಬಣ್ಣ? ದಯವಿಟ್ಟು ಬಿಟ್ಬಿಡಿ. ತಗಡಿನ ಮೇಲೇ ಪ್ರಿಂಟ್ ಮಾಡಿರೋ ಬೋಗಿಗಳಿಗೆ ಥಿನ್ನರ್ ತಾಗಿಸಿದ್ರೆ ಆ ಅಕ್ಷರ, ಗೆರೆ ಮತ್ತೆ ಬರಲ್ಲ, ರೀಪೇಂಟ್ ಆದ್ಮೇಲೆ ಹಳೇ ಆಟಿಕೆ ಸಂಗ್ರಹಿಸೋರೂ ಅರ್ಧ ಮನಸ್ಸಲ್ಲೇ ನೋಡ್ತಾರೆ. ಹಳೇ ಪೇಂಟಲ್ಲಿ ಸೀಸ ಇರ್ಬೋದು, ಒಣ ಎಮರಿ ಪೇಪರ್ ಹಾಕಿ ಉಜ್ಜಿ ಆ ಧೂಳು ಮನೇಲಿ ಹಾರೋ ಹಾಗೆ ಮಾಡ್ಬೇಡಿ, ಮಕ್ಕಳಿದ್ರೆ ಇನ್ನೂ ಹುಷಾರು. ಹಿಂಡಿದ ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು.

ಇನ್ನೊಂದು, ಬಾಡಿ ಜೋಡ್ಸಿರೋದು ತಗಡಿನ ಕಿವಿ, ಅಂದ್ರೆ ಅಂಚಲ್ಲಿರೋ ಸಣ್ಣ ಪಟ್ಟಿ, ಮಡಿಸಿ. ಅದನ್ನ ಎರಡ್ಮೂರು ಸಲ ಬಿಚ್ಚಿ ಮಡಿಸಿದ್ರೆ ಕಿತ್ತೇ ಬರತ್ತೆ, ಬೆಸುಗೆ ಹಾಕಕ್ಕೆ ಹೋದ್ರೆ ಸುತ್ತಲಿನ ಬಣ್ಣ ಸುಡತ್ತೆ, ಹಂಗಾಗಿ ಒಳಗೆ ಕೆಲಸ ಇದ್ರೆ ಮಾತ್ರ ನಾನು ಕಿವಿ ಎತ್ತೋದು.